ಒಂದೇ ಪರದೆ, ಎರಡು ಗುಂಡಿ

ಏಪ್ರಿಲ್ 2, ಬುಧವಾರ

ಪ್ರೆಸ್ಸು ಮುಚ್ಚುವಾಗ ಎಲ್ಲರಿಗೂ ಏನಾದರೊಂದು ಸಿಕ್ಕಿತು. ಬೈಂಡರಿಗೆ ಕಾಗದ ಕತ್ತರಿಸುವ ಯಂತ್ರ, ಮ್ಯಾನೇಜರಿಗೆ ತಿರುಗುವ ಕುರ್ಚಿ. ಹನ್ನೊಂದು ವರ್ಷ ಅಲ್ಲಿ ಡಿಸೈನ್ ಮಾಡಿದ ನನಗೆ ಏದುಸಿರು ಬಿಡುವ ಕಂಪ್ಯೂಟರು ಮತ್ತು ಯಾರೂ ಕೊಳ್ಳದೆ ಉಳಿದ ಈ ದಿನಚರಿ ಪುಸ್ತಕ. ಕಂಪ್ಯೂಟರು ನಿನ್ನೆ ಕೊನೆಯುಸಿರೆಳೆಯಿತು. ಪುಸ್ತಕಕ್ಕೆ ಇವತ್ತಿನಿಂದ ಕೆಲಸ.

ಕೈಯಲ್ಲಿ ಬೀಜದ ಕಂಪನಿಯ ಹನ್ನೆರಡು ಪ್ಯಾಕೆಟ್ಟುಗಳ ಡಿಸೈನ್ ಇದೆ. ಹನ್ನೆರಡೂ ಮೆಚ್ಚುಗೆಯಾದರೆ ವರ್ಷಪೂರ್ತಿ ಅವರ ಕೆಲಸ ನನಗೇ. ಹಾಗಾಗಿ ಹೊಸ ಕಂಪ್ಯೂಟರಿನ ಮಾತೆತ್ತಿದೆ. ಇವರು ಷೂ ಲೇಸು ಕಟ್ಟುತ್ತಲೇ ತೀರ್ಪು ಕೊಟ್ಟರು.

“ಎರಡು ಕೊಳ್ಳೋದು ನಮ್ಮ ಕೈಲಿ ಆಗೋ ಮಾತಲ್ಲ. ಒಂದೇ ಮಾನಿಟರ್, ಒಂದೇ ಗ್ರಾಫಿಕ್ಸ್ ಕಾರ್ಡ್. ನಿನ್ನ ಕೆಲಸಕ್ಕೂ ಆಗ್ಬೇಕು, ಅವಳ ಆಟಕ್ಕೂ ಆಗ್ಬೇಕು. ಇಬ್ರೂ ಕೂತು ಆರಿಸ್ಕೊಳ್ಳಿ. ನನ್ನ ಮಾತ್ರ ಕೇಳ್ಬೇಡಿ, ನಂಗೆ ಗೊತ್ತಿರೋದು ಲಿಫ್ಟ್ ರಿಪೇರಿ ಒಂದೇ.”

ಅವಳು ಅಂದರೆ ಇವರ ಮಗಳು. ಹದಿನೈದು ವರ್ಷ. ತಾಯಿ ತೀರಿಕೊಂಡು ಐದು ವರ್ಷವಾಯಿತು. ಅಂದಿನಿಂದ ಸೋದರಮಾವನ ಮನೆಯಲ್ಲಿ ಬೆಳೆದಳು. ನಮ್ಮ ಮದುವೆಯಾಗಿ ವರ್ಷ ಕಳೆದ ಮೇಲೆ, ಒಂಬತ್ತು ದಿನದ ಹಿಂದೆ, ಎರಡು ಬ್ಯಾಗು ಹಿಡಿದು ಇಲ್ಲಿಗೆ ಬಂದಿದ್ದಾಳೆ. ತಂದೆ ಮಗಳ ನಡುವೆ ಒಪ್ಪಂದವಾಗಿದೆ. ಇಲ್ಲಿನ ಶಾಲೆಗೆ ಅರ್ಜಿ ಕೊಡಲು ಮೇ 31 ಕೊನೆಯ ದಿನ. ಅಲ್ಲಿಯವರೆಗೆ ಇದ್ದು ನೋಡುವುದು. ಹಿಡಿಸಿದರೆ ಅರ್ಜಿ ಹಾಕುವುದು, ಹಿಡಿಸದಿದ್ದರೆ ವಾಪಸು ಮಾವನ ಮನೆ. ಯಾರೂ ಒತ್ತಾಯ ಮಾಡಬಾರದು, ಕೇಳಲೂಬಾರದು.

ಅವಳಿಗೆ ಹಿಡಿಸಬೇಕಾದ್ದು ಮನೆಯಲ್ಲ, ನಾನು. ಇದು ಮೂವರಿಗೂ ಗೊತ್ತು. ಅವಳು ಬಂದಾಗಿನಿಂದ ಇವರು ಮೆಟ್ಟಿಲು ಹತ್ತುವ ಸದ್ದೇ ಬೇರೆಯಾಗಿದೆ. ಅವಳು ಹೊರಟುಹೋದರೆ ಇವರು ಬಾಯಿ ಬಿಟ್ಟು ನನ್ನನ್ನು ಏನೂ ಅನ್ನುವವರಲ್ಲ. ಅದಕ್ಕೇ ನನಗೆ ಹೆದರಿಕೆ.

ಏಪ್ರಿಲ್ 5, ಶನಿವಾರ

ನನ್ನನ್ನು ಏನೆಂದು ಕರೆಯಬೇಕೋ ಅವಳಿಗೆ ಗೊತ್ತಿಲ್ಲ. ಏನಾದರೂ ಬೇಕಿದ್ದರೆ ಬಾಗಿಲ ಬಳಿ ನಿಂತು ಕೆಮ್ಮುತ್ತಾಳೆ. ಮೊದಲ ಎರಡು ದಿನ ನೆಗಡಿ ಅಂದುಕೊಂಡು ಬಿಸಿನೀರು ಕೊಟ್ಟೆ. ಪಾಪ, ಕುಡಿದಳು.

ಎದುರುಬದುರು ಕೂತರೆ ಮಾತು ಹೊರಡುವುದಿಲ್ಲ. ಅದಕ್ಕೆ ಪಟ್ಟಿ ಬರೆದು ಊಟದ ಮೇಜಿನ ಮೇಲಿಡುವುದು ಎಂದಾಯಿತು. ಅವಳ ಪಟ್ಟಿ: ಸೆಕೆಂಡಿಗೆ ಇನ್ನೂರನಲವತ್ತು ಸಲ ಚಿತ್ರ ಬದಲಿಸುವ ಪರದೆ, ಬಾಗಿದ್ದರೆ ಒಳ್ಳೆಯದು, ಚಿತ್ರ ಮೂಡಿಸುವ ಕಾರ್ಡು ಎಷ್ಟು ದೊಡ್ಡದಾದರೂ ಸರಿ. ನನ್ನ ಪಟ್ಟಿ: ಪರದೆಯಲ್ಲಿ ಕಂಡ ಬಣ್ಣವೇ ಅಚ್ಚಿನಲ್ಲೂ ಬರಬೇಕು, ಉಳಿದದ್ದು ಹೇಗಿದ್ದರೂ ಸರಿ. ಅವಳದರ ಕೆಳಗೆ ನಾನು ಬರೆದೆ: ಬಾಗಿದ್ದು ಬೇಡ, ಪ್ಯಾಕೆಟ್ಟಿನ ಅಂಚು ನೇರವಿದೆಯೋ ಇಲ್ಲವೋ ತಿಳಿಯುವುದಿಲ್ಲ. ನನ್ನದರ ಕೆಳಗೆ ಅವಳು ಬರೆದಳು: ಸರಿ. ಆದರೆ ಬರೀ ಅರವತ್ತು ಸಲದ್ದಾದರೆ ನಾನು ಪ್ರತಿ ಸಲವೂ ಸಾಯುತ್ತೇನೆ.

ಓದಿದವಳೇ ಇವರನ್ನು ಕೂಗಿದೆ. ಆಟದಲ್ಲಿ ಸಾಯುವುದು ಅಂತ ಇವರು ಬಿಡಿಸಿ ಹೇಳಬೇಕಾಯಿತು. ಕೈಬರಹ ಮಾತ್ರ ಮುತ್ತು ಪೋಣಿಸಿದ ಹಾಗಿದೆ.

ಏಪ್ರಿಲ್ 6, ಭಾನುವಾರ

ಮೂವರೂ ಅಂಗಡಿಗೆ ಹೋದೆವು. ಗೋಡೆ ತುಂಬ ಮಾನಿಟರುಗಳು, ಎಲ್ಲದರಲ್ಲೂ ಒಂದೇ ಮೀನು ಈಜುತ್ತಿತ್ತು. ಅಂಗಡಿಯವನಿಗೆ ಒಂದು ಕಾಯಿಲೆ. ಪ್ರಶ್ನೆ ನಾನು ಕೇಳಿದರೆ ಉತ್ತರ ಇವರಿಗೆ. ಅವಳು ಕೇಳಿದರೂ ಉತ್ತರ ಇವರಿಗೇ. ಇವರೋ ಗೋಡೆಯ ಫ್ಯಾನು ನೋಡುತ್ತಾ ನಿಂತಿದ್ದರು.

ನಾನು ಚೀಲದಿಂದ ಹಳೆಯ ಟೊಮೇಟೊ ಪ್ಯಾಕೆಟ್ಟು ತೆಗೆದು, ಅದರದೇ ಚಿತ್ರವನ್ನು ಪರದೆಗೆ ಹಾಕಿಸಿ, ಪಕ್ಕ ಹಿಡಿದು ನೋಡತೊಡಗಿದೆ. ಅಂಗಡಿಯವನಿಗೆ ತಡೆಯಲಾಗಲಿಲ್ಲ.

“ಸರ್, ಇದ್ರಲ್ಲಿ ನೂರು ಕೋಟಿ ಬಣ್ಣ ಬರುತ್ತೆ ಅಂತ ಮೇಡಂಗೆ ಹೇಳಿ.”

“ನೂರು ಕೋಟಿ ನೀವೇ ಇಟ್ಕೊಳ್ಳಿ. ನಂಗೆ ಒಂದೇ ಒಂದು ಕೆಂಪು ಸಾಕು, ಅದು ಸರಿಯಾಗಿರ್ಲಿ,” ಅಂದೆ.

ಇವರ ಮಗಳ ತುಟಿಯಂಚು ಒಂದಿಷ್ಟು ಅಲುಗಿತು. ಅವಳು ಆಗ ಪಕ್ಕದ ಪರದೆಯಲ್ಲಿ ಮೌಸನ್ನು ಗಿರಗಿರ ತಿರುಗಿಸಿ, ಬಾಣದ ಗುರುತು ಬಾಲ ಎಳೆಯುತ್ತದೆಯೋ ಎಂದು ಪರೀಕ್ಷಿಸುತ್ತಿದ್ದಳು. “ಇದು ಎಳೆಯುತ್ತೆ,” ಎಂದು ಗೊಣಗಿ ಮುಂದಿನದಕ್ಕೆ ಹೋದಳು. ನಾನೂ ಹೋದೆ. ಅಲ್ಲಿ ಅವಳ ಬಾಣಕ್ಕೆ ಬಾಲವಿರಲಿಲ್ಲ, ನನ್ನ ಟೊಮೇಟೊ ಕಿತ್ತಳೆಯಾಗಿತ್ತು. ಅದರಾಚೆಯದರಲ್ಲಿ ಟೊಮೇಟೊ ಟೊಮೇಟೊದಂತೆಯೇ ಇತ್ತು, ಬಾಣ ಮಾತ್ರ ತೆವಳುತ್ತಿತ್ತು. ಹೀಗೆ ಗೋಡೆಯ ಆ ತುದಿಯವರೆಗೂ ನಡೆದೆವು. ಏನೂ ಕೊಳ್ಳದೆ ಹೊರಟಾಗ ಅಂಗಡಿಯವನು ಇವರ ಕಡೆಗೆ ಅನುಕಂಪದಿಂದ ನೋಡಿದ.

ಬಸ್ಸಿನಲ್ಲಿ ಇವರು ಒಂದು ಮಾತು ಹೇಳಿದರು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಇಬ್ಬರು ಮೊದಲ ಹತ್ತು ನಿಮಿಷ ಒಬ್ಬರನ್ನೊಬ್ಬರು ನೋಡುವುದೇ ಇಲ್ಲವಂತೆ, ಬಾಗಿಲನ್ನೇ ನೋಡುತ್ತಾರಂತೆ. ಯಾಕೆ ಹೇಳಿದರೋ.

ಏಪ್ರಿಲ್ 8, ಮಂಗಳವಾರ

ಏನೂ ಇಲ್ಲ. ಮೂರು ಸಲ ಕೆಮ್ಮಿದಳು.

ಏಪ್ರಿಲ್ 13, ಭಾನುವಾರ

ಇವತ್ತು ಪಟ್ಟಿ ಬದಿಗಿಟ್ಟು ಬಾಯಲ್ಲೇ ಜಗಳವಾಡಿದೆವು. ಎಷ್ಟೋ ಹಿತವಾಯಿತು.

ಇರುವ ದುಡ್ಡಿನಲ್ಲಿ ಒಳ್ಳೆಯ ಮಾನಿಟರ್ ಕೊಂಡರೆ ಕಾರ್ಡು ಸಾಧಾರಣದ್ದು, ಒಳ್ಳೆಯ ಕಾರ್ಡು ಕೊಂಡರೆ ಮಾನಿಟರ್ ಸಾಧಾರಣದ್ದು. ಅವಳು ಕಾರ್ಡಿಗೇ ಪಟ್ಟು ಹಿಡಿಯುತ್ತಾಳೆಂದು ನಾನು ಸೆರಗು ಬಿಗಿದು ಕೂತಿದ್ದೆ. ಅವಳು ನೋಡಿದರೆ ನನಗಿಂತ ಮುಂದೆ ಯೋಚಿಸಿದ್ದಳು.

“ಮಾನಿಟರ್‌ಗೇ ಜಾಸ್ತಿ ಹಾಕೋಣ. ಅದು ಹತ್ತು ವರ್ಷ ಇರುತ್ತೆ. ಕಾರ್ಡು ಹೇಗೂ ಮೂರು ನಾಲ್ಕು ವರ್ಷಕ್ಕೆ ಹಳೇದಾಗುತ್ತೆ, ಆಮೇಲೆ ಬದಲಾಯಿಸಬಹುದು. ಇನ್ನೂರನಲವತ್ತು ಬೇಡ, ನೂರೆಂಬತ್ತು ಸಾಕು ನಂಗೆ.”

“ನನಗೂ ಅಷ್ಟು ದೊಡ್ಡ ಪರದೆ ಬೇಡ. ಇಪ್ಪತ್ತೇಳು ಇಂಚು ಸಾಕು,” ಅಂದೆ. ಅವಳು ಅಷ್ಟು ಬಿಟ್ಟುಕೊಟ್ಟ ಮೇಲೆ ನಾನು ಬಿಡದಿದ್ದರೆ ಮರ್ಯಾದೆಯಲ್ಲ. “ಉಳಿದಿದ್ರಲ್ಲಿ ಕಾರ್ಡಿನ ಮೆಮೊರಿ ಎಂಟರ ಬದಲು ಹನ್ನೆರಡು ತಗೊಳ್ಳೋಣ. ನನ್ನ ಫೈಲುಗಳೂ ಭಾರ ಇರ್ತವೆ.”

ಅವಳು ತಲೆಯಾಡಿಸಿದಳು. ಇಬ್ಬರೂ ಸೇರಿ ಹಳೆಯ ಕಂಪ್ಯೂಟರಿನದೇ ಕ್ಯಾಬಿನೆಟ್ಟು ಅಳೆದು, ಕಾರ್ಡು ಹಿಡಿಯುತ್ತದೆಂದು ಖಾತ್ರಿ ಮಾಡಿಕೊಂಡೆವು.

ಹತ್ತು ವರ್ಷ ಅಂದಳು. ಆಮೇಲೆ ಬದಲಾಯಿಸಬಹುದು ಅಂದಳು. ಮೇ 31ರ ಆಚೆಗಿನ ಮಾತು ಅದು. ಬಾಯಿ ತಪ್ಪಿ ಬಂದಿರಬೇಕು. ನಾನು ಆಸೆ ಕಟ್ಟಿಕೊಳ್ಳಬಾರದು.

ಏಪ್ರಿಲ್ 19, ಶನಿವಾರ

ಎಲ್ಲಾ ಬಂತು. ಕಾರ್ಡು ಹಿಡಿಯಲಿಲ್ಲ!

ತಪ್ಪು ನನ್ನದೇ. ಅಳತೆಪಟ್ಟಿ ಹಿಡಿದದ್ದು ನಾನು. ಪ್ಯಾಕೆಟ್ಟು ಡಿಸೈನ್ ಮಾಡುವವಳಿಗೆ ಡಬ್ಬ ಕಂಡರೆ ಹೊರಗಡೆಯಿಂದಲೇ ಅಳೆಯುವ ಚಟ. ಒಳಗೆ ಹಳೆಯ ಡಿಸ್ಕು ಕೂರಿಸುವ ಕಬ್ಬಿಣದ ಗೂಡೊಂದಿದೆ, ಕಾರ್ಡು ಅದಕ್ಕೆ ಹೋಗಿ ಗುದ್ದುತ್ತದೆ. ಹುಡುಗಿ ಕಾರ್ಡನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದಳು. ನಾನು ಬೈಗುಳಕ್ಕೆ ಕಾದೆ.

“ಟೇಪಿನ ಆ ತುದಿ ಹಿಡಿದಿದ್ದು ನಾನೇ,” ಅಂದಳು ಮೆಲ್ಲಗೆ. “ನಾನೂ ನೋಡ್ಲಿಲ್ಲ.”

ಇವರು ಸ್ಕ್ರೂಡ್ರೈವರು ತಂದು, ನಾಲ್ಕು ಸ್ಕ್ರೂ ಬಿಚ್ಚಿ, ಗೂಡನ್ನೇ ಕಿತ್ತು ಹೊರಗಿಟ್ಟರು. ಜಾಗವೋ ಜಾಗ. “ಇಷ್ಟಕ್ಕೆ ಇಬ್ರೂ ಮುಖ ಹಾಗ್ ಮಾಡ್ಕೊಂಡಿದ್ರಾ?” ಎಂದು ನಗುತ್ತಾ ಕೈ ತೊಳೆಯಲು ಹೋದರು.

ಪರದೆಯ ಕೆಳಗೆ ಗುಂಡಿಗಳಿವೆ. ಒಂದನೆಯದು ಒತ್ತಿದರೆ ಬಣ್ಣಗಳು ಅಚ್ಚಿಗೆ ಬರುವ ಹಾಗೆಯೇ ಕಾಣುತ್ತವೆ. ಎರಡನೆಯದು ಒತ್ತಿದರೆ ಕಪ್ಪು ಜಾಗವೆಲ್ಲ ತಿಳಿಯಾಗುತ್ತದೆ. ಆಟದ ಕತ್ತಲಲ್ಲಿ ಅಡಗಿದವರು ಕಾಣಿಸಲಿ ಅಂತ. ಹುಡುಗಿ ಒಂದು ಚೀಟಿ ಬರೆದು ಪರದೆಯ ಅಡಿಗೆ ಅಂಟಿಸಿದಳು. “ಕೆಲಸಕ್ಕೆ ಒಂದು. ಆಟಕ್ಕೆ ಎರಡು. ಏಳುವಾಗ ಒಂದು ಒತ್ತಿ ಏಳುವುದು.” ಬೆಳಗ್ಗೆಯಿಂದ ನಾಲ್ಕರವರೆಗೆ ಕಂಪ್ಯೂಟರು ನನ್ನದು, ನಾಲ್ಕರಿಂದ ಏಳು ಅವಳದು.

ಏಪ್ರಿಲ್ 24, ಗುರುವಾರ

ಟೊಮೇಟೊ, ಸೌತೆ, ಮೂಲಂಗಿ ಮುಗಿದವು. ಇಂಥ ಪರದೆ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ ಕೇಳಿಯೂ ಕೊಟ್ಟಿರಲಿಲ್ಲ.

ಸಂಜೆ ತರಕಾರಿ ಹೆಚ್ಚುತ್ತಿದ್ದಾಗ ಒಳಗಿನಿಂದ ಯಾರೋ ಗಹಗಹಿಸಿ ನಕ್ಕರು. ಚಾಕು ಕೆಳಗಿಟ್ಟು ಹೋಗಿ ಇಣುಕಿದೆ. ಹುಡುಗಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮಾವನ ಊರಿನ ಗೆಳತಿಯರ ಜೊತೆ ಆಡುತ್ತಿದ್ದಳು. ಬಂದ ಒಂದು ತಿಂಗಳಲ್ಲಿ ಅವಳು ನಕ್ಕದ್ದನ್ನು ಮೊದಲ ಸಲ ಕೇಳಿದ್ದು. ಎಂಥ ನಗು! ಆ ಗೆಳತಿಯರ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನ ವಯಸ್ಸಿಗೆ ಇದು ಶೋಭೆಯಲ್ಲ, ಆದರೂ ಆಯಿತು.

ಏಪ್ರಿಲ್ 30, ಬುಧವಾರ

ಕಾರ್ಡು ಬಿಸಿಯಾಗುತ್ತದೆಂದು ಎಲ್ಲೋ ಓದಿದೆ. ಕೆಲಸ ಮಾಡುವವಳು ಇದನ್ನೆಲ್ಲ ತಿಳಿದಿರಬೇಕು. ಹುಡುಗಿ ಈಜು ಕಲಿಯಲು ಹೋಗಿದ್ದಾಗ ಅವಳ ಆಟ ತೆರೆದು ಹತ್ತು ನಿಮಿಷ ಪರೀಕ್ಷೆ ಮಾಡಿದೆ. ಕಾರ್ಡಿನ ಪರೀಕ್ಷೆ. ಹೆಸರು ಕೇಳಿತು, “ಅತಿಥಿ” ಎಂದು ಹಾಕಿದೆ.

ಪಾಳುಬಿದ್ದ ಗಣಿಯೊಳಗೆ ಟಾರ್ಚು ಹಿಡಿದು ಇಳಿಯಬೇಕು, ದಾರಿ ಹುಡುಕಬೇಕು. ಒಳಗೆ ಏನೇನೋ ಹರಿದಾಡುತ್ತವೆ. ಏಳು ಸಲ ಒಂದೇ ಹೊಂಡಕ್ಕೆ ಬಿದ್ದು ಸತ್ತೆ. ಇದನ್ನು ಆಟ ಅನ್ನುತ್ತಾರಲ್ಲ, ಈ ಮಕ್ಕಳಿಗೆಲ್ಲ ಬುದ್ಧಿ ಇದೆಯೇ?

ಕಾರ್ಡು ಬಿಸಿಯಾಗಲಿಲ್ಲ.

ಮೇ 3, ಶನಿವಾರ

ಇನ್ನೊಮ್ಮೆ ಪರೀಕ್ಷೆ ಮಾಡಿದೆ. ಹೊಂಡ ದಾಟಿದೆ. ಎಡಗಡೆ ಒಂದು ಕಿರಿದಾದ ಅಂಚಿದೆ, ಗೋಡೆಗೆ ಅಂಟಿಕೊಂಡು ಹೋಗಬೇಕು.

ಮೇ 7, ಬುಧವಾರ

ಕ್ಯಾರೆಟ್, ಕುಂಬಳ, ಬೆಂಡೆ ಕಳಿಸಿದೆ. ಬೀಜದ ಮೇಡಂ ಫೋನು ಮಾಡಿ ಮೂಲಂಗಿ ಬಹಳ ಚೆನ್ನಾಗಿದೆ ಎಂದರು. ಅವರೇ ಕಂಪನಿಯಲ್ಲಿ ಪ್ಯಾಕೆಟ್ಟುಗಳಿಗೆ ಕೊನೆಯ ಒಪ್ಪಿಗೆ ಕೊಡುವವರು.

ಗಣಿಯ ಎರಡನೇ ಮಹಡಿಯಲ್ಲಿ ಸಾಮಾನಿಡುವ ಪೆಟ್ಟಿಗೆಯೊಂದಿದೆ. ನಿನ್ನೆ ಖಾಲಿ ಇತ್ತು, ಇವತ್ತು ಅದರಲ್ಲಿ ಉದ್ದನೆಯ ಹಗ್ಗ ಮತ್ತು ಎರಡು ಬ್ಯಾಟರಿ ಇದ್ದವು. ಹೊಸಬರಿಗೆ ಆಟವೇ ಹೀಗೆ ಸಹಾಯ ಮಾಡುತ್ತದೆಂದು ಕಾಣುತ್ತದೆ. ಮೊದಲು ಅಂದುಕೊಂಡಷ್ಟು ಕೆಟ್ಟ ಆಟವಲ್ಲ.

ಊಟದ ಹೊತ್ತಿಗೆ ಹುಡುಗಿ ಇದ್ದಕ್ಕಿದ್ದಂತೆ, “ಹಗ್ಗ ಇದ್ರೂ ಕೆಲವ್ರು ಗಂಟು ಹಾಕದೇ ಇಳಿತಾರೆ, ಅದಕ್ಕೇ ಬೀಳ್ತಾರೆ,” ಅಂದಳು. ತನ್ನ ಗೆಳತಿಯರ ವಿಷಯ ಇರಬೇಕು. ನನಗೂ ಉಪಯೋಗವಾಯಿತು.

ಮೇ 10, ಶನಿವಾರ

ತಂದೆ ಮಗಳು ಈಜಲು ಹೋಗಿದ್ದರು. ಒಂಬತ್ತರಿಂದ ಹನ್ನೊಂದರವರೆಗೆ ಪರೀಕ್ಷೆ. ಮೂರನೇ ಮಹಡಿ ತಲುಪಿದೆ!! ಅಲ್ಲಿ ನೆಲದಡಿಯ ಕೆರೆಯೇ ಇದೆ, ದೋಣಿ ಕೂಡ. ಹೇಳಿಕೊಳ್ಳೋಣವೆಂದರೆ ಯಾರಿಗೆ ಹೇಳಲಿ?

ಆಮೇಲೆ ಬದನೆ ಪ್ಯಾಕೆಟ್ಟು ಮುಗಿಸಿದೆ. ನೇರಳೆ ಬಣ್ಣ ಯಾಕೋ ರಕ್ತವೇ ಇಲ್ಲದವರ ಹಾಗೆ ಬಿಳಿಚಿಕೊಂಡಿತ್ತು. ಎರಡು ಪಾಲು ಗಾಢ ಮಾಡಿ, ಅವರು ಬರುವಷ್ಟರಲ್ಲಿ ಕಳಿಸಿಬಿಟ್ಟೆ.

ಮೇ 20, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹನ್ನೆರಡು ಪ್ಯಾಕೆಟ್ಟುಗಳ ಅಚ್ಚಾದ ಮಾದರಿ ಬಂತು. ಹನ್ನೊಂದು ಚೆನ್ನಾಗಿವೆ. ಬದನೆ ಮಾತ್ರ ಇದ್ದಲು. ಇದ್ದಲಿನ ಎರಡು ಉಂಡೆಗೆ ಹಸಿರು ತೊಟ್ಟು ಅಂಟಿಸಿದಂತಿದೆ. ಬೀಜದ ಮೇಡಂ ಫೋನಿನಲ್ಲಿ, “ಇದನ್ನ ನೋಡಿ ಯಾರಾದ್ರೂ ಬಿತ್ತುತ್ತಾರೇನಮ್ಮ? ಒಲೆಗೆ ಹಾಕ್ತಾರೆ,” ಅಂದರು. ಎಲ್ಲರ ಎದುರು ಕೆನ್ನೆಗೆ ಹೊಡೆದ ಹಾಗಾಯಿತು.

ಯಾಕೆ ಹೀಗಾಯಿತೆಂದು ಹೊಳೆಯಲು ಹೊತ್ತು ಬೇಕಾಗಲಿಲ್ಲ. ಪರದೆ ಎರಡನೇ ಗುಂಡಿಯಲ್ಲಿತ್ತು. ಕಪ್ಪೆಲ್ಲ ತಿಳಿಯಾಗಿ ಕಂಡಿತು, ನಾನು ಗಾಢ ಮಾಡುತ್ತಾ ಹೋದೆ. ಸಂಜೆ ಅವಳು ಬಂದೊಡನೆ ಪ್ಯಾಕೆಟ್ಟನ್ನು ಮೇಜಿನ ಮೇಲೆ ಎಸೆದೆ.

“ಏಳುವಾಗ ಒಂದು ಒತ್ತು ಅಂತ ಬರೆದು ಅಂಟಿಸಿದ್ದು ಯಾರು? ನೀನೇ ತಾನೆ? ನಿನ್ನ ಮೂರು ಗಂಟೆ ಆಟಕ್ಕೆ ನನ್ನ ಒಂದು ವರ್ಷದ ಅನ್ನ ಹೋಯ್ತು!”

“ನಾನ್ ಯಾವಾಗ್ಲೂ ಒತ್ತೇ ಏಳೋದು,” ಅಂದಳು.

“ಹಾಗಾದ್ರೆ ದೆವ್ವ ಒತ್ತಿತಾ?”

ನನ್ನನ್ನೇ ಒಂದು ಗಳಿಗೆ ನೋಡಿದಳು. ಏನೋ ಹೇಳುವ ಹಾಗೆ ಬಾಯಿ ತೆರೆದವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಸದ್ದೂ ಮಾಡದೆ.

ಮೇ 21, ಬುಧವಾರ

ಶನಿವಾರಕ್ಕೆ ಟಿಕೆಟ್ ಮಾಡಿಸು ಅಂತ ಮಾವನಿಗೆ ಫೋನು ಮಾಡಿದ್ದಾಳೆ. ಇವರು ಬೆಳಗ್ಗೆ ಹೇಳಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಕೆಲಸಕ್ಕೆ ಹೋದರು. ನನ್ನನ್ನು ಏನೂ ಅನ್ನಲಿಲ್ಲ.

ಮಧ್ಯಾಹ್ನ ಬದನೆಯ ಫೈಲು ತೆರೆದೆ. ಎಷ್ಟು ಹಾಳಾಗಿದೆ ನೋಡೋಣವೆಂದು ತೆರೆದದ್ದು. ಕೊನೆಯ ಸಲ ಉಳಿಸಿದ ದಿನ ಮತ್ತು ಹೊತ್ತು ಅದರಲ್ಲೇ ಬರೆದಿರುತ್ತದೆ. ಮೇ 10, ಶನಿವಾರ, ಹನ್ನೊಂದು ಗಂಟೆ ಐವತ್ತು ನಿಮಿಷ.

ಆ ಬೆಳಗ್ಗೆ ಅವಳು ಮನೆಯಲ್ಲೇ ಇರಲಿಲ್ಲ. ಒಂಬತ್ತರಿಂದ ಹನ್ನೊಂದರವರೆಗೆ ಗಣಿಯೊಳಗಿದ್ದವಳು ನಾನು. ಎರಡನೇ ಗುಂಡಿ ಒತ್ತಿದವಳೂ ನಾನೇ, ಕೆರೆ ಕಂಡ ಸಡಗರದಲ್ಲಿ ಅದನ್ನು ಮರೆತವಳೂ ನಾನೇ.

ಇದನ್ನು ಈ ಪುಸ್ತಕದಲ್ಲಿಯೂ ಪರೀಕ್ಷೆ ಪರೀಕ್ಷೆ ಅಂತ ಬರೆದುಕೊಂಡು ಬಂದಿದ್ದೇನೆ. ಓದುವವರು ಯಾರೂ ಇಲ್ಲದ ಕಡೆಯೂ ಸುಳ್ಳು! ನಾಚಿಕೆಯಾಗುತ್ತಿದೆ.

ಮೇ 22, ಗುರುವಾರ

ಬೆಳಗ್ಗೆ ಇವರು ಹೊರಟ ಮೇಲೆ ಅವಳ ಬಾಗಿಲ ಬಳಿ ಹೋಗಿ ನಿಂತೆ. ಏನೆಂದು ಶುರು ಮಾಡಬೇಕೋ ತಿಳಿಯಲಿಲ್ಲ. ಕೆಮ್ಮಿದೆ.

ಅವಳು ಬಾಗಿಲು ತೆರೆದಳು. ಮಂಚದ ಮೇಲೆ ಎರಡೂ ಬ್ಯಾಗುಗಳು ಬಾಯಿ ತೆರೆದುಕೊಂಡಿದ್ದವು.

“ಗುಂಡಿ ಒತ್ತಿದ್ದು ನಾನೇ,” ಅಂದೆ. “ನೀನಿಲ್ದಾಗ ನಿನ್ನ ಆಟ ಆಡ್ತಿದ್ದೆ. ಕದ್ದು. ಸುಮ್ ಸುಮ್ನೆ ನಿನ್ನ ಮೇಲೆ ಹಾಕ್ದೆ. ತಪ್ಪಾಯ್ತಮ್ಮ.”

“ಗೊತ್ತಿತ್ತು.”

“ಏನ್ ಗೊತ್ತಿತ್ತು?”

“ನೀವ್ ಆಡೋದು. ತೆರೆದ ಕೂಡ್ಲೇ ತೋರಿಸುತ್ತೆ. ಅತಿಥಿ, ಒಟ್ಟು ಆಡಿದ್ದು ಹನ್ನೊಂದು ಗಂಟೆ ನಲವತ್ತು ನಿಮಿಷ ಅಂತ. ಪೆಟ್ಟಿಗೇಲಿ ಹಗ್ಗ ಇಟ್ಟಿದ್ದೂ ನಾನೇ.”

ಹನ್ನೊಂದು ಗಂಟೆ ನಲವತ್ತು ನಿಮಿಷ! ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಮೊನ್ನೆ ನಾನು ಅಷ್ಟು ಬೈದಾಗ ಯಾಕೆ ಹೇಳ್ಲಿಲ್ಲ? ಒಂದು ಮಾತಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತಲ್ಲ?”

ಬ್ಯಾಗಿನ ಜಿಪ್ಪನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆದಳು.

“ಹೇಳಿದ್ರೆ ನೀವ್ ಆಡೋದು ಬಿಟ್ಬಿಡ್ತಿದ್ರಿ.”

ಅತ್ತುಬಿಟ್ಟೆ. ದೊಡ್ಡವಳೆನ್ನುವ ಲಜ್ಜೆ ಬಿಟ್ಟು ಬಾಗಿಲಲ್ಲೇ ನಿಂತು ಅತ್ತೆ. ಅವಳು ಕಕ್ಕಾಬಿಕ್ಕಿಯಾಗಿ, ನಾನು ಮೊದಲ ವಾರ ಮಾಡಿದ ಹಾಗೆಯೇ, ಒಳಗೆ ಹೋಗಿ ಬಿಸಿನೀರು ತಂದುಕೊಟ್ಟಳು. ಟಿಕೆಟ್ಟಿನ ಮಾತು ನಾನು ಎತ್ತಲಿಲ್ಲ. ಒತ್ತಾಯ ಮಾಡುವ ಹಾಗಿಲ್ಲವಲ್ಲ.

ಮಧ್ಯಾಹ್ನ ಬೀಜದ ಮೇಡಂಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಟದ ವಿಷಯವನ್ನೂ ಹೇಳಿದೆ. “ಸೋಮವಾರದೊಳಗೆ ಬದನೆಕಾಯಿ ಬದನೆಕಾಯಿ ಥರ ಕಾಣ್ಲಿ. ಆಮೇಲೆ ನೋಡೋಣ,” ಎಂದರು.

ಮೇ 24, ಶನಿವಾರ

ಅವಳು ಹೊರಡಲಿಲ್ಲ. ಟಿಕೆಟ್ಟನ್ನು ಮುಂದಿನ ಶನಿವಾರಕ್ಕೆ, ಅಂದರೆ 31ಕ್ಕೆ, ಬದಲಾಯಿಸಿಕೊಂಡಿದ್ದಾಳಂತೆ. ಒಂದು ವಾರ ಸಿಕ್ಕಿತು. ಅಷ್ಟಕ್ಕೇ ಇವರು ಇವತ್ತು ಎರಡು ಸಲ ಊಟ ಬಡಿಸಿಕೊಂಡರು.

ಮಾರುಕಟ್ಟೆಯಿಂದ ನಿಜವಾದ ಬದನೆಕಾಯಿ ತಂದೆ. ಮಗಳು ಅದನ್ನು ಪರದೆಯ ಪಕ್ಕ ಹಿಡಿದು ನಿಂತಳು, ನಾನು ಬಣ್ಣ ಸರಿ ಮಾಡುತ್ತಾ ಹೋದೆ. ಮೊದಲ ಗುಂಡಿ ಒತ್ತಿದೆಯೋ ಎಂದು ಇಬ್ಬರೂ ನಾಲ್ಕು ಸಲ ನೋಡಿಕೊಂಡೆವು. ಅವಳ ಕಣ್ಣು ಭಾರೀ ಚುರುಕು.

“ಕೆಂಪು ಇನ್ನೂ ಚೂರು ಬೇಕು. ತೊಟ್ಟಿನ ಹತ್ರ ನೋಡಿ, ಅಲ್ಲಿ ಬೆಳಕು ಬಿದ್ದಿರೋ ಕಡೆ.”

ಹೌದು, ಅಲ್ಲೇ ಬೇಕಿತ್ತು. ಪ್ರೆಸ್ಸಿನಲ್ಲಿ ಇಂಥ ಕಣ್ಣು ಬರಲು ನನಗೆ ಆರು ವರ್ಷ ಹಿಡಿದಿತ್ತು. ನಾಲ್ಕು ಗಂಟೆಗೆ ಎದ್ದು ಕುರ್ಚಿ ಬಿಟ್ಟುಕೊಟ್ಟರೆ, ಅಡುಗೆಮನೆಯ ಸ್ಟೂಲು ತಂದು ಪಕ್ಕಕ್ಕೆ ಹಾಕಿದಳು. ಗೆಳತಿಯರಲ್ಲಿ ಒಬ್ಬಳು ಊರಿಗೆ ಹೋಗಿದ್ದಾಳಂತೆ, ತಂಡಕ್ಕೆ ನಾಲ್ಕನೆಯವರು ಬೇಕಂತೆ. ಪರದೆಯನ್ನು ಅರ್ಧರ್ಧ ಮಾಡಿಕೊಂಡು ಇಬ್ಬರೂ ಒಟ್ಟಿಗೆ ಆಡಬಹುದಂತೆ. ನನಗೊಂದು ಹೆಸರೂ ಇಟ್ಟಾಯಿತು.

ಏಳು ಗಂಟೆಗೆ ಇವರು ಮನೆಗೆ ಬಂದಾಗ ಒಳಗಿನಿಂದ ಕೇಳಿಸಿದ್ದು ಇದು: “ಬದನೆಕಾಯಿ, ಎಡಕ್ಕೆ! ಎಡಕ್ಕೆ ಅಂದೆ! ಅಯ್ಯೋ, ನಿಮ್ಮ ಎಡ ಯಾವ್ದು?”

ಇವರು ಬ್ಯಾಗು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಯಾರು ಯಾರನ್ನು ಬದನೆಕಾಯಿ ಅನ್ನುತ್ತಿದ್ದಾರೆಂದು ತಿಳಿದಾಗ ಇವರ ಮುಖ ನೋಡುವ ಹಾಗಿತ್ತು.

ಮೇ 26, ಸೋಮವಾರ

ಬದನೆ ಒಪ್ಪಿಗೆಯಾಯಿತು. ವರ್ಷದ ಕೆಲಸ ನನ್ನದು! ಮೇಡಂ ಕೊನೆಯಲ್ಲಿ, “ಆ ಆಟದ ಹೆಸರೇನಮ್ಮ?” ಎಂದು ಕೇಳಿದರು. ಹೇಳಿದೆ.

ಎಲ್ಲರಿಗಿಂತ ಜೋರಾಗಿ ಕುಣಿದದ್ದು ಮಗಳು. ಆದರೂ ಒಳಗೊಳಗೇ ಒಂದು ಅಳುಕು. ಕೆಲಸ ಸಿಕ್ಕಿದ ದಿನ ಇಷ್ಟೇ ಖುಷಿಯಾಗುವುದೇ ಅಂತ ನನ್ನನ್ನೇ ಕೇಳಿಕೊಂಡೆ. ಅವಳ ಬ್ಯಾಗುಗಳು ಇನ್ನೂ ಮಂಚದ ಮೇಲೆಯೇ ಇವೆ.

ಮೇ 29, ಗುರುವಾರ

ಕೇಳಬಾರದು. ಕೇಳಲಿಲ್ಲ. ನಾಲ್ಕನೇ ಮಹಡಿ ಮುಗಿಯಿತು.

ಮೇ 31, ಶನಿವಾರ

ಬೆಳಗ್ಗೆಯೇ ಇವರಿಗೆ ಫೋನು. ಎಲ್ಲೋ ಲಿಫ್ಟು ನಿಂತು ಮೂವರು ಒಳಗೆ ಸಿಕ್ಕಿಕೊಂಡಿದ್ದರು. “ಇವತ್ತೇ ಆಗ್ಬೇಕಿತ್ತಾ ಇದು?” ಎನ್ನುತ್ತಾ ಇವರು ಸ್ಪ್ಯಾನರ್ ಚೀಲ ಎತ್ತಿಕೊಂಡರು. ಬಾಗಿಲಲ್ಲಿ ಒಮ್ಮೆ ಅವಳ ಕಡೆಗೆ, ಒಮ್ಮೆ ನನ್ನ ಕಡೆಗೆ ನೋಡಿ, ಕೇಳಲೂ ಆಗದೆ, ಹೋಗಲೂ ಆಗದೆ, ಕೊನೆಗೆ ಹೋದರು.

ಒಂಬತ್ತಕ್ಕೆ ಮಾವ ಫೋನು ಮಾಡಿದರು. ಅವಳು ಹಲ್ಲುಜ್ಜುತ್ತಿದ್ದವಳು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಸಂಜೆ ಸ್ಟೇಷನ್ನಿಗೆ ಬರಲಾ ಎಂದು ಮಾವ ಕೇಳಿದರು. ನಾನು ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೆ.

“ಬೇಡ ಮಾವ. ಟಿಕೆಟ್ ರದ್ದು ಮಾಡ್ಬಿಡಿ. ನಾನ್ ಬಂದ್ರೆ ಇಲ್ಲೊಬ್ರು ಐದನೇ ಮಹಡೀಲೇ ಸತ್ತು ಬಿದ್ದಿರ್ತಾರೆ.”

“ಏನೇ ಅದು? ಯಾರು ಸಾಯ್ತಾರೆ?” ಮಾವ ಗಾಬರಿಯಾದರು. ಅವರಿಗೆ ಬಿಡಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು.

ಶಾಲೆಯ ಕಚೇರಿ ಹನ್ನೆರಡಕ್ಕೆ ಮುಚ್ಚುತ್ತದೆ. ಅವಳು ಬ್ಯಾಗಿನಿಂದ ಒಂದು ಕವರು ತೆಗೆದುಕೊಂಡು ಬಂದಳು. “ಮನೆಯವರು ಒಬ್ರು ಜೊತೇಲಿ ಬರಬೇಕಂತೆ. ಅಪ್ಪ ಇಲ್ಲ. ನೀವ್ ಬರ್ತೀರಾ?”

ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಹೊರಟೆ. ಬಸ್ ನಿಲ್ದಾಣದಲ್ಲಿ ಅವಳೇ ತೋರಿಸಿದಳು.

ಕಚೇರಿಯಲ್ಲಿ ಕನ್ನಡಕದ ಗುಮಾಸ್ತರೊಬ್ಬರು ಅರ್ಜಿ ಬಿಡಿಸಿ ಬೆರಳಿಟ್ಟು ಓದಿದರು. ತಾಯಿಯ ಹೆಸರಿನ ಜಾಗದಲ್ಲಿ ಅವಳ ತಾಯಿಯ ಹೆಸರಿತ್ತು, ಇರಬೇಕಾದ ಹಾಗೆಯೇ. ಅದರ ಕೆಳಗೆ ಮನೆಯಲ್ಲಿ ಜವಾಬ್ದಾರಿ ಹೊತ್ತವರು ಯಾರು ಎಂಬಲ್ಲಿ ಎರಡು ಗೆರೆಗಳಿದ್ದವು. ಮೊದಲ ಗೆರೆಯಲ್ಲಿ ನನ್ನ ಹೆಸರು, ಎರಡನೆಯದರಲ್ಲಿ ಇವರದು. ಅದೇ ಮುತ್ತಿನಂಥ ಅಕ್ಷರ.

ಗುಮಾಸ್ತರ ಬೆರಳು ಕೊನೆಯ ಸಾಲಿನಲ್ಲಿ ನಿಂತಿತು. “ಏನಮ್ಮ, ತಾರೀಖು ಮೇ ಹದಿನೆಂಟು ಅಂತ ಹಾಕಿದ್ದೀಯ. ಇವತ್ತು ಮೂವತ್ತೊಂದು. ತಿದ್ದಿ ಪಕ್ಕದಲ್ಲಿ ಸಹಿ ಮಾಡು.”

ಅವಳು ಕಿವಿಯವರೆಗೂ ಕೆಂಪಾಗಿ, ನನ್ನ ಕಡೆಗೆ ನೋಡದೆ ತಿದ್ದಿ ಸಹಿ ಮಾಡಿದಳು.

ಹದಿನೆಂಟು ಅಂದರೆ ಇದ್ದಲಿನ ಪ್ಯಾಕೆಟ್ಟು ಬರುವುದಕ್ಕೆ ಎರಡು ದಿನ ಮೊದಲು. ನಾನು ಅವಳ ಮೇಲೆ ಕೂಗಾಡುವುದಕ್ಕೆ ಮೊದಲೇ ಬರೆದಿಟ್ಟಿದ್ದಳು. ಕೂಗಾಡಿದ ಮೇಲೂ, ಮಾವನಿಗೆ ಫೋನು ಮಾಡಿ ಬಟ್ಟೆ ತುಂಬಿಕೊಂಡ ಮೇಲೂ, ಹರಿದು ಹಾಕಲಿಲ್ಲ.

ಮನೆಗೆ ಬಂದು, ಆ ದಿನ ಅಂಥದ್ದೇನು ನಡೆಯಿತೆಂದು ಈ ಪುಸ್ತಕ ತಿರುವಿ ನೋಡಿದೆ. ಹದಿನೆಂಟರಂದು ನಾನು ಏನೂ ಬರೆದಿಲ್ಲ. ಭಾನುವಾರ, ಮೂವರೂ ಮನೆಯಲ್ಲಿದ್ದಿರಬೇಕು, ಬರೆದಿಡುವಂಥದ್ದು ಏನೂ ಅನ್ನಿಸಿರಲಿಕ್ಕಿಲ್ಲ. ಎಷ್ಟು ನೆನಪಿಸಿಕೊಂಡರೂ ಆ ದಿನ ನನಗೆ ನೆನಪಾಗುತ್ತಿಲ್ಲ.

ಇನ್ನೂ ಬರೆಯಬೇಕೆಂದಿದೆ. ಆದರೆ ನಾಲ್ಕಾಯಿತು, ಮಗಳು ಕರೆಯುತ್ತಿದ್ದಾಳೆ.